ವರ್ನಾಳ ನಾಲಿಗೆಗೆ ಹಿಡಿಸದ ಸೂಪು

ಆಸ್ಟ್ರೇಲಿಯಾದ ಹೋಬಾರ್ಟಿನಲ್ಲಿ ಚಳಿ ಶುರುವಾಯಿತೆಂದರೆ ಒಂದು ವಿಮಾ ಕಚೇರಿಯವರೆಲ್ಲ ಮಧ್ಯಾಹ್ನಕ್ಕೆ ಅಂಗಡಿಯ ಸೂಪು ತರುತ್ತಿದ್ದರು. ತಂದವರು ಅದನ್ನು ಮೊದಲು ಸಹೋದ್ಯೋಗಿ ವರ್ನಾ ಸ್ಕೆಲ್ಟನ್ ಮುಂದೆ ಹಿಡಿಯುವುದು ರೂಢಿಯಾಗಿಬಿಟ್ಟಿತ್ತು. ಅವಳು ಚಮಚ ಅದ್ದಿ, ನಾಲಿಗೆಗೆ ಸೋಕಿಸಿ, ಮುಖ ಕಿವುಚುವಳು. ಅವಳ ಪ್ರಕಾರ ಬೇಕರಿಯ ಕುಂಬಳಕಾಯಿ ಸೂಪು ಹಲ್ಲಿಲ್ಲದ ಕೂಸಿಗೆ ತಿನ್ನಿಸುವ ಸರಿ. ಬಂದರಿನ ಬಳಿಯ ಅಂಗಡಿಯದು ಮೀನಿನ ಸೂಪಲ್ಲ, ಮೀನು ಸ್ನಾನ ಮಾಡಿ ಎದ್ದುಹೋದ ನೀರು. ಟೊಮೇಟೊ ಸೂಪಾದರೆ ಬಾಯಿಗೂ ಇಡದೆ ಮುಚ್ಚಳ ಹಾಕಿ ದೂರ ತಳ್ಳುವಳು. ಎಲ್ಲರೂ ನಗುತ್ತಿದ್ದರು.

ಹಾಗೆ ಹೇಳುವ ಹಕ್ಕು ತನಗಿದೆಯೆಂದೇ ಅವಳು ನಂಬಿದ್ದಳು. ಅವಳಪ್ಪ ಕುರಿಯ ಉಣ್ಣೆ ಕತ್ತರಿಸುವವರ ಬಿಡಾರದಲ್ಲಿ ಅಡುಗೆಯವನಾಗಿದ್ದ. ಹೊಗೆ ಹಿಡಿಸಿದ ಹಂದಿಯ ಮೂಳೆಯನ್ನು ಬಟಾಣಿಯ ಜೊತೆ ಬೆಳಗಿನಿಂದ ಕುದಿಸಿ, ಸೂಪಿನಲ್ಲಿ ಅದರ ಮಾಂಸ ಬೆಂದು ಕರಗುವವರೆಗೆ ಯಾರನ್ನೂ ಒಲೆಯ ಹತ್ತಿರ ಬಿಡುತ್ತಿರಲಿಲ್ಲ.

ಆ ಜೂನ್ ತಿಂಗಳ ಚಳಿಯಲ್ಲಿ ನೋಯೆಲ್ ಪಿಟ್ ಎಂಬವನು ಎದುರು ಬೀದಿಯಲ್ಲಿ ಸೂಪಿನ ಅಂಗಡಿ ತೆರೆದ. 'ಅಜ್ಜಿಯ ಕೈರುಚಿ' ಎಂದು ಬೋರ್ಡು. ಪಕ್ಕದ ಮೇಜಿನ ಡಂಕನ್ ಅಲ್ಲಿಂದ ಬಟಾಣಿ ಸೂಪು ತಂದು ಹೊಗಳಿದ್ದೇ ಹೊಗಳಿದ್ದು.

ವರ್ನಾ ರುಚಿ ನೋಡಿದಳು. "ಇದು ಕಾರ್ಖಾನೆಯದ್ದು."

"ಹೋಗೇ ಮಾರಾಯ್ತಿ, ಅವರಜ್ಜಿ ಮಾಡ್ತಿದ್ದ ಹಾಗೇ ಮಾಡೋದಂತೆ."

"ಹಾಗಾದ್ರೆ ಆ ಅಜ್ಜಿಗೆ ಮೂಗೂ ಇರ್ಲಿಲ್ಲ, ನಾಲಿಗೇನೂ ಇರ್ಲಿಲ್ಲ."

ಡಂಕನ್ ನಕ್ಕ. ಮರುದಿನವೂ ಅದನ್ನೇ ತಂದ, ಕಚೇರಿಯ ಪ್ರೂ ಕೂಡ ತಂದಳು. ವರ್ನಾಳಿಗೆ ತಡೆಯಲಾಗಲಿಲ್ಲ. ಊಟದ ಹೊತ್ತಿಗೆ ನೇರವಾಗಿ ಅಂಗಡಿಗೇ ಹೋಗಿ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ, "ಈ ಸೂಪು ಬೇಯಿಸಿದ್ದು ಯಾರು?" ಎಂದಳು.

ನೋಯೆಲ್ ಅವಳನ್ನು ಮೇಲಿಂದ ಕೆಳಗೆ ನೋಡಿ, ಹಿಂದಿನ ಪರದೆ ಸರಿಸಿದ. ಬಿಳಿ ಪ್ಲಾಸ್ಟಿಕ್ ಬಕೆಟ್ಟುಗಳು ಸಾಲಾಗಿದ್ದವು. "ಸಿಡ್ನಿಯ ಕಾರ್ಖಾನೆಯಿಂದ ಬರುತ್ತೆ. ಬಿಸಿ ಮಾಡ್ತೀನಿ, ಮೇಲೊಂದಿಷ್ಟು ಸೊಪ್ಪು ಉದುರಿಸ್ತೀನಿ. ಸಾಕಾ?"

"ಮತ್ತೆ ಅಜ್ಜಿ?"

"ಪಾಪ, ಅವಳಿಗೆ ಮೊಟ್ಟೆ ಬೇಯಿಸೋಕೂ ಬರ್ತಿರ್ಲಿಲ್ಲ."

ಸಾಲಿಗೆ ಸಾಲೇ ನಕ್ಕಿತು. ಈಗ ಎಲ್ಲರೂ ಹೊರಡುತ್ತಾರೆಂದು ವರ್ನಾ ಕಾದಳು. ಒಬ್ಬರೂ ಅಲುಗಲಿಲ್ಲ. "ಬೇಗ ಕೊಡಪ್ಪಾ, ಮೀಟಿಂಗಿಗೆ ಹೊತ್ತಾಯ್ತು," ಎಂದು ಹಿಂದಿನಿಂದ ಯಾರೋ ಕೂಗಿದರು. ತಿರುಗಿ ನೋಡಿದರೆ ಡಂಕನ್.

ಭಾನುವಾರ ಅವಳು ಅಪ್ಪನ ಹಾಗೆಯೇ ಮೂಳೆ ಕುದಿಸಿದಳು. ಸೋಮವಾರ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದು, ಮಧ್ಯಾಹ್ನ ಬಿಸಿ ಮಾಡಿ ಎಲ್ಲರಿಗೂ ಬಡಿಸಿದಳು.

"ಚೆನ್ನಾಗಿದೆ," ಎಂದಳು ಪ್ರೂ, ಚಮಚ ಕೆಳಗಿಟ್ಟು. "ಸ್ವಲ್ಪ ಹೊಗೆ ವಾಸನೆ ಜಾಸ್ತಿ, ಅಲ್ವಾ?"

"ನೋಯೆಲ್‌ದು ಒಂಚೂರು ಸಿಹಿ ಇರುತ್ತೆ ನೋಡು," ಎನ್ನುತ್ತ ಡಂಕನ್ ತನ್ನ ಬಟ್ಟಲಿಗೆ ಟೊಮೇಟೊ ಸಾಸ್ ಹಿಂಡಿಕೊಂಡ.

ವರ್ನಾ ಆ ಕೆಂಪು ಸುರುಳಿಯನ್ನೇ ನೋಡುತ್ತ ನಿಂತಳು. ಇಷ್ಟು ವರ್ಷ ತಾನು ಮುಖ ಕಿವುಚಿ ತಳ್ಳಿದ ಸೂಪನ್ನು ಇವರು ಒಮ್ಮೆಯೂ ಚೆಲ್ಲಿರಲಿಲ್ಲ, ನಕ್ಕು ಕುಡಿದು ಮುಗಿಸಿದ್ದರು ಎಂಬುದು ಅವಳಿಗೆ ಆಗ ಹೊಳೆಯಿತು. ಅವರಿಗೆ ಬೇಕಾಗಿದ್ದದ್ದು ತಮಾಷೆ, ತೀರ್ಪಲ್ಲ. ಹಂದಿಗಳು, ಎಂದುಕೊಂಡಳು. ಸೂಪಿನಲ್ಲಿ ಬೆಂದು ಕರಗಿದ ಹಂದಿಗೂ ಇವರಿಗಿಂತ ಮರ್ಯಾದೆಯಿತ್ತು. ಉಳಿದ ಸೂಪಿನ ಪಾತ್ರೆ ಎತ್ತಿಕೊಂಡು ರಸ್ತೆ ದಾಟಿದಳು.

ಅಂಗಡಿಯಲ್ಲಿ ಜನ ಕರಗಿದ್ದರು. ನೋಯೆಲ್‌ನ ಮುಂದೆ ಪಾತ್ರೆ ಕುಕ್ಕಿ, "ತಿಂದು ನೋಡು," ಎಂದಳು.

ಅವನು ಒಂದು ಚಮಚ ಬಾಯಿಗಿಟ್ಟ. ಇನ್ನೊಂದು ಚಮಚ. ಆಮೇಲೆ ಒಳಗಿಂದ ದೊಡ್ಡ ಬಟ್ಟಲನ್ನೇ ತಂದ.

"ರುಚಿ ಗೊತ್ತಿದ್ದೂ ಆ ಕಲಗಚ್ಚು ಮಾರ್ತೀಯಲ್ಲ, ನಾಚಿಕೆ ಆಗಲ್ವಾ?"

"ನಂಗೆ ಗೊತ್ತಿದ್ದು ಏನು ಬಂತು ತಾಯೀ, ಕುಡಿಯೋರಿಗೆ ಗೊತ್ತಿರ್ಬೇಕಲ್ಲ."

ಉಳಿದವರಿಗೆ ಗೊತ್ತಿರಲಿಲ್ಲ, ಇವನಿಗೆ ಗೊತ್ತಿತ್ತು. ಎಲ್ಲರಿಗಿಂತ ಹೇಸಿಗೆ ಹುಟ್ಟಿಸುವವನು ಇವನೇ ಎನಿಸಿತು ಅವಳಿಗೆ. ಆದರೂ ಅವನು ಬಟ್ಟಲು ಚಾಚಿದಾಗ ಮತ್ತೊಂದು ಸೌಟು ಬಡಿಸಿದಳು, ತಾನೂ ಸ್ಟೂಲೆಳೆದು ಕೂತು ತಿಂದಳು. ಆ ಚಳಿಗಾಲ ಮುಗಿಯುವವರೆಗೂ ಪ್ರತಿ ಸೋಮವಾರ ತಾನೇ ಬೇಯಿಸಿ ತಂದ ಸೂಪಿನೊಡನೆ ಅವಳ ಊಟ ಅಲ್ಲೇ, ಪರದೆಯ ಹಿಂದೆ, ಅವನ ಜೊತೆ. ಕಚೇರಿಯವರು ಸೂಪಿನ ಲೋಟ ಮುಂದೆ ಹಿಡಿದರೆ ಈಗ ಚಮಚವನ್ನೂ ಎತ್ತುತ್ತಿರಲಿಲ್ಲ. "ನಿಮಗೆ ಸರಿಯಾಗಿದೆ, ಕುಡೀರಿ," ಎನ್ನುತ್ತಿದ್ದಳು.