ಪಿನ್ನಿಗೆ ಕಟ್ಟಿದ ಚಾವಿ

ಗಡಹಿಂಗ್ಲಜದ ಯಲಗೂರಪ್ಪ ಮಿಸ್ತ್ರಿಗಳ ಕೈಗೆ ಒಮ್ಮೆ ಗಾಡಿಯ ಚಾವಿ ಹೋಯಿತೆಂದರೆ, ಸಾಕ್ಷಾತ್ ಬ್ರಹ್ಮದೇವನೇ ಬಂದು ಬೇಡಿದರೂ ಕೆಲಸ ಮುಗಿಯುವ ತನಕ ಅದು ಮರಳಿ ಸಿಗದು. ಎಂಜಿನ್ನಿನ ಎರಡು ಹಲ್ಲುಚಕ್ರಗಳನ್ನು ಜೊತೆಯಾಗಿ ತಿರುಗಿಸುವ ಟೈಮಿಂಗ್ ಬೆಲ್ಟ್ ಬಿಚ್ಚುವ ಮೊದಲು ಆ ಚಕ್ರಗಳು ಮಿಸುಕದಂತೆ ಪಿನ್ನು ತೂರಿಸಿ, ಅದು ಹೊರಬರುವ ತನಕ ಯಾರೂ ಸ್ಟಾರ್ಟ್ ಮಾಡದಂತೆ ಆ ಪಿನ್ನಿಗೇ ಸೀರೆಯ ಕೆಂಪು ಕಿನಾರಿಯಿಂದ ಚಾವಿಯನ್ನು ಕಟ್ಟಿಬಿಡುವುದು ಅವರ ಪದ್ಧತಿ. ಕಿನಾರಿ ಇಚಲಕರಂಜಿಯದು. ಅಲ್ಲಿ ಕೆಟ್ಟ ಮಗ್ಗಗಳನ್ನು ಸರಿಪಡಿಸುತ್ತ ಪ್ರಾಯ ಸವೆಸಿದ ಅವರ ಎಡಗಿವಿಯನ್ನು ಆ ಮಗ್ಗಗಳ ಅಬ್ಬರ ಕಿವುಡು ಮಾಡಿ, ಬಲಗಿವಿಯನ್ನು ಮುಂದೆ ಮಾಡಿ ಓರೆಯಾಗಿ ನಡೆಯುವ ನಡಿಗೆಯನ್ನೂ, ಗುಟ್ಟನ್ನೂ ಊರಿಗೆಲ್ಲ ಸಾರುವ ಕಂಠವನ್ನೂ ಕೊಟ್ಟು ಕಳಿಸಿತ್ತು.

ನೇಸರಿಯ ವೃಷಾಲಿಗೆ ಮೊದಮೊದಲು ಆ ಕಂಠವೆಂದರೆ ಮೈಯುರಿ. ಗಂಡ ಹೊಲ ನೋಡಿಕೊಂಡರೆ, ಮನೆಯ ಹಳೆಯ ವ್ಯಾನಿನಲ್ಲಿ ಹಾಲಿನ ಕ್ಯಾನು ಹೇರಿಕೊಂಡು ಓಡಾಡುವವಳು ಅವಳು. ಹೆಂಗಸಿಗೇಕೆ ಸ್ಟೇರಿಂಗು ಎಂದು ಮೂಗು ಮುರಿಯುತ್ತಿದ್ದ ಭಾವ ಭಾವುಸಾಹೇಬ, ಇನ್ನೊಮ್ಮೆ ಕೆಟ್ಟರೆ ಗಾಡಿ ಮಾರುವುದೇ ಎಂದು ಗಿರಾಕಿಯನ್ನೂ ಗೊತ್ತುಮಾಡಿದ್ದ. ಬೆಲ್ಟ್ ಬದಲಿಸುವ ದಿನ ಅವನೂ ಮಿಸ್ತ್ರಿಗಳ ಗ್ಯಾರೇಜಿಗೆ ಬಂದು ಬೆಂಚಿನ ಮೇಲೆ ಕೂತಿದ್ದ. ವೃಷಾಲಿ ತುದಿಗಾಲಲ್ಲಿ ನಿಂತಿದ್ದಳು.

"ಲವಕರ ಮಾಡ್ರಿ ಮಿಸ್ತ್ರಿ, ಸಂಜಿ ಹಾಲು ಕೆಡ್ತೈತ್ರಿ!"

"ಹಾಲು ನಾಳೆನೂ ಬರ್ತೈತಿ ತಂಗಿ. ಎಂಜಿನ್ ಬರಂಗಿಲ್ಲ."

ಹಾಗೆಂದರೂ ಅವಳು ಬಿಡಲಿಲ್ಲ, ಅವರು ಪಿನ್ನು ತೂರಿಸುವಾಗಲೂ ಕಿವಿ ತಿಂದಳು. ಹೊಸ ಬೆಲ್ಟು ಕೂತು ಪಿನ್ನುಗಳು ಹೊರಬಂದೊಡನೆ ಚಾವಿಗೆ ಕೈ ಚಾಚಿದಳು. ಮಿಸ್ತ್ರಿ ಅದನ್ನು ಜೇಬಿಗಿಳಿಸಿ, ಬೋಲ್ಟಿಗೆ ಪಾನಾ ಹಾಕಿ, ಎಂಜಿನ್ನನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸತೊಡಗಿದರು. ನಡುವೆಯೇ ಪಾನಾ ತಡೆಯಿತು. ಅವರು ಬಲ ಹಾಕಲಿಲ್ಲ, ಬಗ್ಗಿ ನೋಡಿದರು. ಬೆಲ್ಟು ಏರಿಸುವಾಗ ಒಂದು ಚಕ್ರ ಗುರುತಿನಿಂದ ಹಿಂದೆ ಸರಿದಿತ್ತು. ಹಾಗೆಯೇ ಸ್ಟಾರ್ಟ್ ಮಾಡಿದ್ದರೆ ಒಳಗಿನ ವಾಲ್ವುಗಳೆಲ್ಲ ಸೊಟ್ಟಗಾಗಿ ಎಂಜಿನ್ನು ಗುಜರಿ ಸೇರುತ್ತಿತ್ತು.

ಭಾವುಸಾಹೇಬ ಎದ್ದೇಬಿಟ್ಟ. "ಮತ್ತ ಕೆಟ್ಟಿತಲ್ಲ! ಮಾರಾಕ ಇನ್ನೇನ್ ಬೇಕು?"

ಆಗ ಆ ಕಂಠ ಎದುರಿನ ಚಹಾದಂಗಡಿಯವರೂ ತಿರುಗಿ ನೋಡುವಂತೆ ಮೊಳಗಿತು. "ಗಾಡಿ ಕೆಟ್ಟಿಲ್ರಿ! ಪಿನ್ ಪೂರಾ ಕುಂತಿದ್ದಿಲ್ಲ, ನಾ ಅಲುಗಾಡ್ಸಿ ನೋಡ್ಲಿಲ್ಲ. ಚೂಕ ನಂದೈತಿ, ತಪ್ಪು ನಂದು!"

ಕಾದು ಕೂತ ಬೇರೆ ಗಾಡಿಯವರೆಲ್ಲ ಮುಖ ಮುಖ ನೋಡಿಕೊಂಡರು. ಚಕ್ರ ಅಲುಗಾಡಿಸಿ ನೋಡುವ ಹೊತ್ತಿಗೇ ತಾನು ಅವರ ಜೀವ ತಿಂದದ್ದು ವೃಷಾಲಿಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆ ಮಾತು ಅವರ ಬಾಯಿಂದ ಅಂದೂ ಬರಲಿಲ್ಲ, ಮುಂದೆಂದೂ ಬರಲಿಲ್ಲ. ಭಾವುಸಾಹೇಬ ಗೊಣಗುತ್ತ ಬಸ್ಸು ಹತ್ತಿದ. ಮಿಸ್ತ್ರಿ ಮೊದಲಿನಿಂದ ಎಲ್ಲ ಬಿಚ್ಚಿ, ಪಿನ್ನು ಕೂಡಿಸಿ, ಚಕ್ರ ಹಿಡಿದು ಅಲುಗಾಡಿಸಿ, ಚಾವಿಯನ್ನು ಮತ್ತೆ ಕಿನಾರಿಯಿಂದ ಕಟ್ಟಿದರು. ಈ ಸಲ ಅವಳು ಬೆಂಚಿನ ಮೇಲೆ ಕೂತು ಕಾದಳು. ಆ ದಿನದ ಹಾಲು ಕೆಟ್ಟಿತು, ಕೆಡಲಿ ಎಂದುಕೊಂಡಳು.

ಈಗಲೂ ಆ ದಾರಿಯಲ್ಲಿ ಹೋಗುವಾಗ ಅವಳು ವ್ಯಾನು ನಿಲ್ಲಿಸಿ, ಅವರ ಬಲಗಿವಿಯ ಕಡೆ ಹೋಗಿ "ಆರಾಮ ಅದೀರಿಲ್ರಿ?" ಎಂದು ಕೇಳಿಯೇ ಮುಂದೆ ಸಾಗುತ್ತಾಳೆ. ಕೈ ತಪ್ಪದ ಕಸುಬುದಾರ ಎಲ್ಲಿಯೂ ಇರಲಾರ. ತಮ್ಮ ಕೈಯನ್ನು ತಾವೇ ನಂಬದೆ ಇನ್ನೊಮ್ಮೆ ತಿರುಗಿಸಿ ನೋಡುವವರು, ಕಂಡ ತಪ್ಪನ್ನು ಮತ್ತೊಬ್ಬರ ತಲೆಗೆ ಕಟ್ಟದೆ ನಾಲ್ಕು ಜನರೆದುರು ತಮ್ಮದೆನ್ನುವವರು ಮಾತ್ರ ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ. ವೃಷಾಲಿಯಂಥವರ ಕೈಯಲ್ಲಿ ಚಾವಿ ಉಳಿದಿರುವುದು ಅಂಥವರ ಋಣದಿಂದ.