ರೋಮಿನ ಮುತ್ಯಾ

ಶಹಾಪುರದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ಗುರುದೇವಿ ಮೇಡಂ, ದಖನ್ನಿನಲ್ಲಿ ಸಿಕ್ಕ ರೋಮಿನ ಬೆಳ್ಳಿ ನಾಣ್ಯಗಳ ಮೇಲೆ ದಪ್ಪನೆಯ ಪ್ರಬಂಧ ಬರೆದು ಡಾಕ್ಟರಾದವರು. ಹೈದರಾಬಾದಿನ, ಚೆನ್ನೈನ ಮ್ಯೂಸಿಯಮ್ಮುಗಳಿಗೆ ಹೋಗಿ ಅಂಥ ನೂರಾರು ನಾಣ್ಯಗಳನ್ನು ಕಾವಲುಗಾರನ ಕಣ್ಣೆದುರು ಮುಟ್ಟಿ ನೋಡಿ ಬಂದಿದ್ದರು. ಆದರೆ ತಮ್ಮ ಜಿಲ್ಲೆಯ ಮಣ್ಣಿನಲ್ಲಿ ಸಿಕ್ಕ ಒಂದನ್ನೂ ಕಂಡಿರಲಿಲ್ಲ. "ರೋಮಿನ ಬೆಳ್ಳಿ ನಮ್ಮ ಭೀಮಾ ದಂಡೆಗೂ ಬಂದಿರಲೇಬೇಕು" ಎಂದು ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುವರು. "ಎಲ್ಲಿ ಅದರಿ ಮೇಡಂ?" ಎಂದು ಯಾರಾದರೂ ಕೇಳುವರು. ಮೇಡಂ ಮುಂದಿನ ಪುಟ ತಿರುವುವರು.

ಹಾಗಾಗಿ ವಡಗೇರಾ ಕಡೆಯ ಕಂದಾಯ ನಿರೀಕ್ಷಕ ವಿಶ್ವರಾಧ್ಯ ಫೋನು ಮಾಡಿದಾಗ ಅವರು ಊಟದ ತಾಟಿನ ಮುಂದಿನಿಂದ ಎದ್ದುಬಿಟ್ಟರು.

"ಹೊಳಿ ದಂಡಿ ಊರಾಗ ದ್ಯಾವಪ್ಪ ಅಂತ ಒಬ್ಬಾಂವ ಮೀನು ಹಿಡಿಯಾಂವ ಅದಾನ್ರಿ," ಎಂದ ವಿಶ್ವರಾಧ್ಯ. "ಅವರ ದೇವರ ಜಗಲಿ ಮ್ಯಾಲ ಒಂದು ಹಳೀ ರೊಕ್ಕ ಅದ. ಅವನ ತಮ್ಮ ತಿರುಪತಿ ಅದರ ಫೋಟೋ ತಗದು ಫೋನಿನಾಗ ಎಲ್ಲಾರಿಗೂ ಕಳಿಸ್ಯಾನ. ಈಗ ಅದು ನಮ್ಮ ಆಫೀಸಿನ ತನಕ ಬಂದದ. ಅಸಲಿ ಇದ್ರ ಸರಕಾರಕ್ಕ ತಗೋಬೇಕು, ನಕಲಿ ಇದ್ರ ಅವರಿಗೇ ಬಿಡಬೇಕು. ನೀವು ಬಂದು ಒಂದ್ ಮಾತು ಹೇಳಿಬಿಡ್ರಿ, ಮುಗೀತು."

ಮೇಡಂ ಸುರಪುರದ ತವರಿನ ಓಣಿಯ ಅಕ್ಕಸಾಲಿಗರಿಂದ ಸಣ್ಣ ತಕ್ಕಡಿ ತರಿಸಿಕೊಂಡರು. ಭೂತಗನ್ನಡಿ ಮನೆಯಲ್ಲೇ ಇತ್ತು. ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ವಡಗೇರಾಕ್ಕೆ, ಅಲ್ಲಿಂದ ವಿಶ್ವರಾಧ್ಯನ ಮೋಟರ್ ಸೈಕಲ್ಲಿನ ಹಿಂದೆ ಕುಳಿತು ಹೊಳೆಯ ದಂಡೆಗೆ ಹೋದರು. ದಾರಿಯುದ್ದಕ್ಕೂ, ಅಸಲಿ ಇರಲಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಂಡರು.

ದ್ಯಾವಪ್ಪನ ಮನೆಯಲ್ಲಿ ಇನ್ನೊಂದು ಬೇಡಿಕೆ ನಡೆದಿತ್ತು. ಅವನ ಹೆಂಡತಿ ಸಾಯಬಮ್ಮ ಬೆಳಿಗ್ಗೆಯೇ ತಲೆ ಮೇಲೆ ನೀರು ಹಾಕಿಕೊಂಡು, ಜಗಲಿಗೆ ಕಾಯಿ ಒಡೆದು, ನಾಣ್ಯ ನಕಲಿಯಾಗಲೆಂದು ಹರಕೆ ಹೊತ್ತಿದ್ದಳು. ಅದನ್ನು ಅವಳೇ ಮುಚ್ಚುಮರೆಯಿಲ್ಲದೆ ಹೇಳಿದಳು.

"ಅಸಲಿ ಅಂದ್ರ ಒಯ್ತಾರಂತ. ನಕಲಿ ಅನ್ರಿ ಬಾಯಾರ, ನಿಮ್ಮ ಹೊಟ್ಟಿ ತಣ್ಣಗಿರಲಿ."

"ಇದ್ದದ್ದು ಹೇಳಬೇಕಾಗ್ತದವ್ವಾ," ಎಂದರು ಮೇಡಂ.

"ಇದ್ದದ್ದೇ ಹೇಳ್ರಿ. ನಕಲಿ ಅಂತ."

ತಿರುಪತಿ ಬಾಗಿಲಿಗೆ ಒರಗಿ ನಿಂತಿದ್ದ. ಅಸಲಿಯಾದರೆ ಸರಕಾರ ಇನಾಮು ಕೊಡುತ್ತದೆಂದು ಫೋನಿನಲ್ಲಿ ಯಾರೋ ಬರೆದಿದ್ದರು. ಆದ್ದರಿಂದ ಆ ಮನೆಯಲ್ಲಿ ಮೇಡಂ ಪಕ್ಷದಲ್ಲಿದ್ದವನು ಅವನೊಬ್ಬನೇ.

ಸಾಯಬಮ್ಮ ನಾಣ್ಯವನ್ನು ಹಿತ್ತಾಳೆ ಬಟ್ಟಲಿನಲ್ಲಿಟ್ಟು ತಂದಳು. ಒಂದು ಮಗ್ಗುಲಿಗೆ, ತಲೆಗೆ ಎಲೆಯ ಮಾಲೆ ಸುತ್ತಿಕೊಂಡ, ಕೊಕ್ಕೆ ಮೂಗಿನ ಗಂಡಸಿನ ಮುಖ. ಇನ್ನೊಂದು ಮಗ್ಗುಲಿಗೆ ಕೈಯಲ್ಲಿ ಕೋಲು ಹಿಡಿದು ಕುಳಿತ ಹೆಂಗಸು. ಗಂಡಸಿನ ಕೆನ್ನೆಯ ಮೇಲೆ ಆಳವಾದ ಕಚ್ಚು. ಕಚ್ಚಿನ ತುಂಬ ಕುಂಕುಮ.

"ಈತ ನಮ್ಮ ಮುತ್ಯಾನ ಮುತ್ಯಾ, ನಮ್ಮ ಮನೀ ಹಿರ್ಯಾ ರೀ," ಎಂದ ದ್ಯಾವಪ್ಪ. "ಸುರಪುರದ ರಾಜರ ಮಂದೀನ ಹರಗೋಲದಾಗ ಹೊಳಿ ದಾಟಿಸುವಾಗ ಕೆನ್ನಿಗೆ ಕತ್ತಿ ಏಟು ಬಿತ್ತಂತ. ಹಿಂದಿನಾಕಿ ಎಲ್ಲಮ್ಮ ತಾಯಿ."

ಮೇಡಂ ಮುತ್ಯಾನ ಮೂಗು ನೋಡಿದರು. ದ್ಯಾವಪ್ಪನ ಮೂಗನ್ನೂ ನೋಡಿದರು. ಹೋಲಿಕೆ ಇತ್ತು. ಆದರೂ ಕರ್ತವ್ಯ ಕರ್ತವ್ಯವೇ.

"ಈತ ಟೈಬೀರಿಯಸ್ ಅಂತ, ರೋಮಿನ ಬಾದಶಹಾ."

"ತಿಪ್ಪೇರೇಶ," ಎಂದು ಸಾಯಬಮ್ಮ ತನ್ನಷ್ಟಕ್ಕೆ ಹೇಳಿ ನೋಡಿದಳು. "ಹೆಸರು ನಮ್ಮ ಕಡೀದೇ ಅದಲ್ಲರಿ?"

ಮೇಡಂ ತಕ್ಕಡಿ ಬಿಚ್ಚಿದರು. ತೂಕ ಕಡಿಮೆ ಬಂತು. ಇನ್ನೊಮ್ಮೆ ತೂಗಿದರು. ಬೆಳ್ಳಿಯ ನಾಣ್ಯ ಇಷ್ಟು ಹಗುರ ಇರಬಾರದು. ಸವೆದಿದೆಯೆನ್ನಲು ಮುಖ ಚೆನ್ನಾಗಿಯೇ ಉಳಿದಿತ್ತು.

"ಇದನ್ನ ತೊಳಿತೀರೇನವ್ವಾ?"

"ಅಮಾಸಿಗೊಮ್ಮೆ ಹುಣಸಿಹಣ್ಣು ಹಚ್ಚಿ ಗಸಗಸ ತಿಕ್ಕತೀನ್ರಿ. ಗಾಯದಾಗಿನ ಕುಂಕುಮ ಮಾತ್ರ ಮುಟ್ಟಂಗಿಲ್ಲ."

ಮೇಡಂ ಕಣ್ಣು ಮುಚ್ಚಿ ತೆರೆದರು. ಆಮೇಲೆ ಭೂತಗನ್ನಡಿ ಹಿಡಿದು ಅಂಚನ್ನು ಸುತ್ತಲೂ ನೋಡಿದರು. ಎರಕ ಹೊಯ್ದ ಗೆರೆ ಇರಲಿಲ್ಲ, ಗುಳ್ಳೆಯ ತೂತು ಇರಲಿಲ್ಲ. ಅಕ್ಷರಗಳ ಬುಡದಲ್ಲಿ ಅಚ್ಚಿನ ಏಟಿಗೆ ಲೋಹ ಸರಿದ ಸಣ್ಣ ಸಣ್ಣ ಎಳೆಗಳಿದ್ದವು. ಇದು ಎರಕ ಹೊಯ್ದು ಸಂತೆಯಲ್ಲಿ ಮಾರುವ ಮಾಲಲ್ಲ, ಅಚ್ಚು ಹೊಡೆದದ್ದು. ಹಾಗಿದ್ದರೆ ತೂಕವೇಕೆ ಕಡಿಮೆ?

"ಕುಂಕುಮ ತಗದು ಒಳಗ ನೋಡಬೇಕಾಗ್ತದ," ಎಂದರು.

ಸಾಯಬಮ್ಮ ಗಂಡನ ಮುಖ ನೋಡಿದಳು. ಗಂಡ ಜಗಲಿ ನೋಡಿದ. ಕೊನೆಗೆ ಅವಳೇ ನಾಣ್ಯಕ್ಕೆ ಕೈಮುಗಿದು, "ನೋವಾಗದಂಗ ತಗೀರಿ" ಎಂದಳು.

ಮೇಡಂ ಬಿದಿರಿನ ಕಡ್ಡಿಯ ತುದಿಯಿಂದ ಕುಂಕುಮ ಬಿಡಿಸತೊಡಗಿದರು. ಎಷ್ಟೋ ವರ್ಷಗಳ ಕುಂಕುಮ ಪದರ ಪದರವಾಗಿ ಎದ್ದು ಬಂತು. ತಳದಲ್ಲಿ ಬೆಳ್ಳಿ ಇರಲಿಲ್ಲ. ಕೆಂಪು ತಾಮ್ರವಿತ್ತು. ಅದರ ಮೇಲೆ ಕಲ್ಲಿನಷ್ಟು ಗಟ್ಟಿಯಾದ ಹಸಿರು ಕಿಲುಬು ಬೆಳೆದು, ಕಚ್ಚಿನ ತುಟಿಯಲ್ಲಿದ್ದ ಬೆಳ್ಳಿಯ ತೆಳು ಪದರವನ್ನೂ ಏರಿ ಕುಳಿತಿತ್ತು. ಅಂಥ ಕಿಲುಬು ನೂರು ವರ್ಷದಲ್ಲಿ ಬೆಳೆಯುವಂಥದ್ದಲ್ಲ.

ಬೆಳ್ಳಿಯಲ್ಲ ಎಂದು ಅವರು ಮೊದಲು ಕಡ್ಡಿ ಕೆಳಗಿಟ್ಟರು. ಆಮೇಲೆ, ಏನಾಗಿದೆಯೆಂದು ಪೂರ್ತಿ ತಿಳಿದ ಮೇಲೆ, ಭೂತಗನ್ನಡಿ ಎತ್ತಿಕೊಂಡು ಆ ಕಿಲುಬನ್ನೇ ಮತ್ತೆ ಮತ್ತೆ ನೋಡಿದರು.

"ಹೇಳ್ರಿ ಮೇಡಂ," ಎಂದ ವಿಶ್ವರಾಧ್ಯ. "ಅಸಲಿನೋ ನಕಲಿನೋ?"

"ನಕಲಿ."

ಸಾಯಬಮ್ಮ ಜಗಲಿಯ ಕಡೆ ತಿರುಗಿ ಅಡ್ಡಬಿದ್ದಳು. ತಿರುಪತಿ ಅಂಗಳಕ್ಕೆ ಹೋದ.

"ಆದ್ರ ಈಗಿನ ನಕಲಿ ಅಲ್ಲ," ಎಂದರು ಮೇಡಂ. "ಎರಡು ಸಾವಿರ ವರ್ಷದ ಹಿಂದಿನ ನಕಲಿ. ಆ ಕಾಲದಾಗೇ ಯಾರೋ ತಾಮ್ರಕ್ಕ ಬೆಳ್ಳಿ ಹೊದಿಸಿ, ಬಾದಶಹಾನ ಅಚ್ಚು ಹೊಡದು ಹಡಗಿನಾಗ ಕಳಿಸ್ಯಾರ."

"ಕಲಾಯಿ ಹಾಕಿದಂಗೇನ್ರಿ?" ಎಂದ ದ್ಯಾವಪ್ಪ.

"ಹೆಚ್ಚು ಕಡಿಮಿ ಹಂಗೇ. ಕೆನ್ನಿ ಮ್ಯಾಲಿಂದು ಕತ್ತಿ ಏಟಲ್ಲ, ಉಳಿ ಏಟು. ಇಲ್ಲಿ ಇದನ್ನ ಇಸ್ಕೊಂಡ ಯಾರೋ ಒಬ್ಬ ಸಾವ್ಕಾರ ಡೌಟು ಬಂದು, ಒಳಗೇನದ ಅಂತ ಕಡದು ನೋಡ್ಯಾನ ಅಂತ ನನಗ ಅನಸ್ತದ."

ವಿಶ್ವರಾಧ್ಯ ತಲೆ ಕೆರೆದುಕೊಂಡ. "ಅಂದ್ರ ಅಸಲಿ ನಕಲಿ ಅಂದಂಗಾತು. ನನಗ ಒಂದೇ ಮಾತು ಬೇಕ್ರಿ."

"ರೊಕ್ಕ ಅಂತ ನೋಡಿದ್ರ ನಕಲಿ. ಪುರಾತನ ವಸ್ತು ಅಂತ ನೋಡಿದ್ರ ಅಸಲಿ. ಎರಡೂ ಬರೀರಿ."

ಅಡ್ಡಬಿದ್ದಿದ್ದ ಸಾಯಬಮ್ಮ ಎದ್ದು ಕುಳಿತಳು. ಹರಕೆ ಅರ್ಧ ಸಂದಿತೋ ಪೂರ್ತಿ ಸಂದಿತೋ ಅವಳಿಗೆ ತಿಳಿಯಲಿಲ್ಲ. "ಹಂಗಾದ್ರ ಒಯ್ತೀರೇನು?" ಎಂದು ಕೇಳಿದಳು.

ಮೇಡಂಗೆ ಸುಳ್ಳು ಹೇಳಲು ಆಗಲಿಲ್ಲ. ಮ್ಯೂಸಿಯಮ್ಮಿನಲ್ಲಿ ಇರಬೇಕಾದ ವಸ್ತು ಎಂದೇ ಬರೆಯುವುದಾಗಿಯೂ, ಮೇಲಿನಿಂದ ಆದೇಶ ಬರುವ ತನಕ ಇಲ್ಲೇ ಇರುವುದೆಂದೂ ಹೇಳಿದರು. ಸಾಯಬಮ್ಮ ನಾಣ್ಯದ ಬಟ್ಟಲನ್ನು ಎರಡೂ ಕೈಯಿಂದ ಹಿಡಿದು ಒಳಗೆ ಹೋದಳು. ವಾಪಸು ಬರುವಾಗ ಮೇಡಂ ಮೋಟರ್ ಸೈಕಲ್ಲಿನ ಹಿಂದೆ ಕುಳಿತು ತಕ್ಕಡಿಯ ಗಂಟನ್ನು ಮಡಿಲಲ್ಲಿ ಅವುಚಿಕೊಂಡಿದ್ದರು. ತಮ್ಮ ಬದುಕಿನ ದೊಡ್ಡ ಶೋಧ ಕೈಗೆ ಸಿಕ್ಕ ದಿನ ಹೀಗೆ ಕಳ್ಳತನ ಮಾಡಿ ಹೊರಟವರಂತೆ ಅನ್ನಿಸುತ್ತದೆಂದು ಅವರು ಅಂದುಕೊಂಡಿರಲಿಲ್ಲ.

ಮೇಲಿನ ಕಚೇರಿಯಲ್ಲಿ ವರದಿಯನ್ನು ಹಲವರು ಓದಿದರು. ಬೆಳ್ಳಿಯಲ್ಲದ ಬೆಳ್ಳಿ ನಾಣ್ಯವನ್ನು ಯಾವ ಕಪಾಟಿನಲ್ಲಿಡಬೇಕೆಂಬುದು ಅಲ್ಲಿ ಇತ್ಯರ್ಥವಾಗಲಿಲ್ಲ. ಕೊನೆಗೆ, ಫೋಟೋ ತೆಗೆದು ನೋಂದಾಯಿಸಿಕೊಂಡು ಸದ್ಯಕ್ಕೆ ಮನೆಯವರ ಬಳಿಯೇ ಬಿಡಲು ಹೇಳಿಕಳಿಸಿದರು. ಮಳೆಗಾಲ ಹಿಡಿಯುವ ಹೊತ್ತಿಗೆ ಆ ಸುದ್ದಿ ತಿಳಿಸಲು ಮೇಡಂ ತಾವೇ ಹೋದರು. ಫೋನಿನಲ್ಲಿ ಹೇಳಬಹುದಿತ್ತು, ಮನಸ್ಸು ಒಪ್ಪಲಿಲ್ಲ.

ಅಂಗಳದಲ್ಲಿ ನೆರೆಮನೆಯ ಹೆಂಗಸರು ಕುಳಿತಿದ್ದರು. ಸಾಯಬಮ್ಮ ಅವರ ಮುಂದೆ ಬಟ್ಟಲು ಹಿಡಿದು ಹೇಳುತ್ತಿದ್ದಳು: "ಈ ಕೊಕ್ಕಿ ಮೂಗಿನ ಮಾರಿ ಯಾರೋ ಪರದೇಶಿ ಬಾದಶಹಾಂದು. ಮೋಸದ ರೊಕ್ಕ ಕಳಿಸಿದ್ದ. ನಮ್ಮ ಮುತ್ಯಾ ಬಿಟ್ಟಾನೇನು? ಉಳಿ ತಗೊಂಡು ಹೊಡದ ನೋಡ್ರಿ, ಕೆನ್ನಿಗೇ!"

ರೋಮಿನ ಬಾದಶಹಾನ ಮುಖದಲ್ಲಿದ್ದ ಮುತ್ಯಾ ಈಗ ಉಳಿ ಹಿಡಿದು ಹೊಳೆಯ ದಂಡೆಗೆ ಬಂದಿದ್ದ. ಅದಕ್ಕೆ ಆಧಾರವಿಲ್ಲವೆಂದು ಹೇಳಲು ಮೇಡಂ ಬಾಯಿ ತೆರೆದರು. ಅಲ್ಲವೆನ್ನಲೂ ಅವರ ಬಳಿ ಆಧಾರವಿರಲಿಲ್ಲ. ಹೆಂಗಸರು ಚಾಪೆಯ ಮೇಲೆ ಸರಿದು ಜಾಗ ಮಾಡಿಕೊಟ್ಟರು. ಮೇಡಂ ಕುಳಿತರು.