ಬಡಿಗೇರ ಅಕ್ಕೋರ ದಡ್ಡಗಿಣಿ

ನಾನು ಒಂದು ಕೈಗೊಂಬೆ. ಇನ್ನೊಬ್ಬರು ಹೇಳಿದ್ದಕ್ಕೆಲ್ಲ ತಲೆಯಾಡಿಸುವವರನ್ನು ಜನ ಈ ಹೆಸರಿನಿಂದ ಹೀಯಾಳಿಸುವುದುಂಟು. ನನಗೆ ಅದರಿಂದ ಬೇಸರವಿಲ್ಲ. ನಾನು ನಿಜವಾಗಿಯೂ ಕೈಗೆ ತೊಡುವ ಬಟ್ಟೆಯ ಗೊಂಬೆ, ಹಸಿರು ಗಿಳಿ. ನನ್ನ ಮೈ ಗುಳೇದಗುಡ್ಡದ ಖಣದ್ದು. ಯಾರೋ ಉಡಿ ತುಂಬಿದಾಗ ಬಂದ ಆ ಖಣವನ್ನು ಕುಪ್ಪಸ ಹೊಲಿಸಿಕೊಳ್ಳದೆ ನನಗಾಗಿ ಕತ್ತರಿಸಿದವರು ಕಾಶೀಬಾಯಿ ಬಡಿಗೇರ. ನೇಕಾರರ ಓಣಿಯ ಸರ್ಕಾರಿ ಶಾಲೆಯಲ್ಲಿ ಅವರು ಸಣ್ಣ ಮಕ್ಕಳ ಟೀಚರು. ಓಣಿಯವರೆಲ್ಲ ಅವರನ್ನು ಬಡಿಗೇರ ಅಕ್ಕೋರು ಎನ್ನುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ಅವರ ಮನೆಯ ಹೊಲಿಗೆ ಯಂತ್ರದ ಮೇಲೆ ನಾನು ಹುಟ್ಟಿದೆ. ಕಣ್ಣಿಗೆ ಎರಡು ಕರಿ ಗುಂಡಿ ಬಂದವು. ಅಕ್ಕೋರ ಗಂಡ ಮೌನೇಶ ಬಡಗಿ. ಅವರು ಎರಡು ತೆಳ್ಳನೆ ಕಟ್ಟಿಗೆ ಚೂರು ಕೆತ್ತಿ ನನ್ನ ಕೊಕ್ಕಿನೊಳಗೆ ಕೂರಿಸಿದರು. ಬಾಯಿ ಮುಚ್ಚಿದಾಗ ಟಕ್ ಎಂದು ಸದ್ದಾಗುತ್ತಿತ್ತು. ಅಕ್ಕೋರು ನನ್ನೊಳಗೆ ಕೈ ತೂರಿಸಿದರು. ಆ ಐದು ಬೆರಳು ನನಗೆ ಎಲುಬಾದವು. ಅವರು ಮೂಗಿನಲ್ಲಿ ಸಣ್ಣ ದನಿ ತೆಗೆದು ಹೇಳಿದರು, "ನಂಗ ಏನೂ ಬರೂದಿಲ್ಲ. ಕಲಿಸ್ತೀರೇನ?"

ಮೌನೇಶ ನಕ್ಕರು. "ಇಂಥಾ ದಡ್ಡ ಗಿಣಿ ಕಟಗೊಂಡು ಏನ್ ಸಾಲಿ ಕಲಸ್ತಿ?"

"ದಡ್ಡ ಇದ್ದರನ ಚಲೋ. ಶ್ಯಾಣ್ಯಾರ ಮುಂದ ಹುಡುಗ್ರು ಬಾಯಿ ತೆಗಿಯೂದಿಲ್ಲ," ಎಂದರು ಅಕ್ಕೋರು.

ಹಾಗೆ ನಾನು ದಡ್ಡಗಿಣಿಯಾದೆ. ಅದೇ ನನ್ನ ಉದ್ಯೋಗ. ಒಂದರಿಂದ ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಕೂರುತ್ತಿದ್ದರು. ತಲೆಯ ಮೇಲೆ ದಾರಕ್ಕೆ ಕಟ್ಟಿದ ಚಿತ್ರಗಳು, ಗೋಡೆಯ ಬುಡಕ್ಕೆ ಮಕ್ಕಳೇ ಬರೆಯುವ ಕರಿ ಪಟ್ಟಿ. ನಾನು ಹುಣಸೆ ಬೀಜ ಎಣಿಸಲು ಕೂರುತ್ತಿದ್ದೆ. ಏಳಾದ ಮೇಲೆ ಒಂಬತ್ತು ಎನ್ನುತ್ತಿದ್ದೆ. ಕೋಣೆಯೇ ಹಾರಿಹೋಗುವಂತೆ ಮಕ್ಕಳು "ಎಂಟು" ಎಂದು ಕೂಗುತ್ತಿದ್ದರು. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಬರೆದ ಅಂಕಿಗಳ ಸಾಲಿನಲ್ಲಿ ಹಿಂದಕ್ಕೆ ಜಿಗಿ ಎಂದರೆ ಮುಂದಕ್ಕೆ ಜಿಗಿಯುತ್ತಿದ್ದೆ. ನನ್ನನ್ನು ತಿದ್ದುವ ಭರದಲ್ಲಿ ಕೂಡುವುದು ಕಳೆಯುವುದು ಅವರಿಗೆ ಬಂದುಬಿಡುತ್ತಿತ್ತು.

ಅಕ್ಷರ ತಿನ್ನುವುದು ನನ್ನ ಇನ್ನೊಂದು ಆಟ. ಒಬ್ಬೊಬ್ಬರೇ ಬಂದು ಅಕ್ಷರದ ರಟ್ಟನ್ನು ನನ್ನ ಬಾಯಿಗಿಡಬೇಕು, ಹೆಸರು ಹೇಳಬೇಕು. ಹೇಳಿದರೆ ನುಂಗುತ್ತಿದ್ದೆ. ಇಲ್ಲದಿದ್ದರೆ ಥೂ ಎಂದು ಉಗುಳುತ್ತಿದ್ದೆ. ಉಗುಳಿಸಿಕೊಳ್ಳುವುದಕ್ಕೆಂದೇ ಕೆಲವರು ತಪ್ಪು ಹೇಳುತ್ತಿದ್ದರು.

ಒಂದು ವರ್ಷ ದಾನಮ್ಮ ಒಂದನೇ ತರಗತಿಗೆ ಬಂದಳು. ಎರಡು ಜಡೆ, ಉದ್ದ ಲಂಗ, ನೆಲ ನೋಡುವ ಕಣ್ಣು. ತಾಯಿ ಶಾಂತವ್ವ ಮಗ್ಗದಿಂದ ಎದ್ದು ಬಂದವಳು, ಬಾಗಿಲಲ್ಲೇ ನಿಂತು ಹೇಳಿದಳು, "ಮನ್ಯಾಗ ಪಟಪಟ ಮಾತಾಡ್ತಾಳ್ರಿ ಅಕ್ಕೋರ. ಹೊರಗ ಬಂದ್ರ ಯಾರೋ ಬಾಯಿ ಹೊಲದಂಗ ಆಕೈತಿ. ಬೈಬ್ಯಾಡ್ರಿ."

ಅಕ್ಕೋರು ಬೈಯಲಿಲ್ಲ. ಮಾತಾಡು ಎಂದೂ ಹೇಳಲಿಲ್ಲ. ಹಾಜರಿ ಕೂಗುವಾಗ ದಾನಮ್ಮನ ಹೆಸರು ಬಂದರೆ ಅವಳ ಕಡೆ ನೋಡಿ ಮುಗುಳ್ನಕ್ಕು ಮುಂದಿನ ಹೆಸರಿಗೆ ಹೋಗುತ್ತಿದ್ದರು. ಮಳೆಗಾಲ ಮುಗಿಯಿತು. ದಸರೆ ರಜೆ ಬಂದು ಹೋಯಿತು. ಆ ಹುಡುಗಿಯ ದನಿ ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಒಂದು ದಿನ ಅಕ್ಷರ ತಿನ್ನಿಸುವ ಸಾಲಿನಲ್ಲಿ ಅವಳೂ ನಿಂತಳು. ಅವಳ ಸರದಿ ಬಂದಾಗ 'ಗ' ಬರೆದ ರಟ್ಟನ್ನು ನನ್ನ ಬಾಯಿಗಿಟ್ಟು ಸುಮ್ಮನೆ ನಿಂತಳು. ನಾನು ಉಗುಳಲಿಲ್ಲ. "ಇದೇನೋ ಖಾರ ಐತಿ," ಎಂದೆ. "ಹೆಸರ ಗೊತ್ತಾದ್ರ ಸಿಹಿ ಆಗ್ತಿತ್ತು. ನನ್ನ ಕಿವ್ಯಾಗಷ್ಟ ಹೇಳು. ನಾ ಯಾರಿಗೂ ಹೇಳಂಗಿಲ್ಲ."

ಹುಡುಗರು ನಗಲಿಲ್ಲ. ದಾನಮ್ಮ ಬಗ್ಗಿದಳು. ನನ್ನ ತಲೆಯ ಪಕ್ಕ, ಕಿವಿ ಇರಬೇಕಾದ ಜಾಗದಲ್ಲಿ, ಬೆಚ್ಚನೆ ಉಸಿರು ತಾಗಿತು. "ಗ," ಎಂದಳು.

ನಾನು ಚಪ್ಪರಿಸಿಕೊಂಡು ನುಂಗಿದೆ.

ಅಂದಿನಿಂದ ಅವಳು ಕಲಿತದ್ದೆಲ್ಲ ನನ್ನ ಕಿವಿಯ ಮೂಲಕ. ಅಕ್ಷರ, ಕಾಗುಣಿತ, ಮನೆಯ ಸುದ್ದಿ, ಎಲ್ಲ. ನಾನು ಎಂಟನ್ನು ಮರೆತರೆ ಕೊಕ್ಕು ಹಿಡಿದು ಎಳೆಯುತ್ತಿದ್ದಳು. "ಏಳಾದ ಮ್ಯಾಲ ಎಂಟು. ಎಷ್ಟ ಸಲ ಹೇಳ್ಬೇಕ ನಿನಗ." ಕಡ್ಡಿಗಳನ್ನು ಹತ್ತರ ಕಟ್ಟು ಮಾಡುವ ಪಾಠ ಬಂದಾಗ ಮನೆಯಿಂದ ಮಗ್ಗದ ರೇಷ್ಮೆ ಎಳೆ ತಂದಳು. ಅವಳ ಕಟ್ಟುಗಳಿಗೆಲ್ಲ ಕೆಂಪು ನೀಲಿ ಎಳೆ. ಬೇರೆಯವರ ಕಟ್ಟಿಗೂ ಅವಳೇ ಸುತ್ತಿಕೊಡುತ್ತಿದ್ದಳು, ಮಾತಿಲ್ಲದೆ.

ಆದರೆ ಅಕ್ಕೋರು ತಮ್ಮ ದನಿಯಲ್ಲಿ ಏನಾದರೂ ಕೇಳಿದರೆ ಅವಳು ನನ್ನ ಕಡೆ ತಿರುಗುತ್ತಿದ್ದಳು. ಉತ್ತರ ನನಗೇ. ಸಂಜೆ ಕೋಣೆ ಖಾಲಿಯಾದ ಮೇಲೆ ಅಕ್ಕೋರು ನನ್ನನ್ನು ಮೊಳೆಗೆ ತೂಗುಹಾಕುತ್ತ ಹೇಳುತ್ತಿದ್ದರು, "ನಿನ್ನ ಕೂಡ ಮಾತಾಡ್ತಾಳ ನೋಡು. ಇವತ್ತಿಲ್ಲ ನಾಳೆ ನನ್ನ ಕೂಡನೂ ಮಾತಾಡ್ಯಾಳು. ಅವಸರಿಲ್ಲ." ಆ ಕಾಯುವಿಕೆ ಅವರಿಗೆ ಎಷ್ಟು ದೊಡ್ಡದಾಗಿತ್ತು ಎಂದು ನನಗೆ ಗೊತ್ತಿತ್ತು. ಹುಡುಗಿ ಹತ್ತಿರ ಬಂದಾಗಲೆಲ್ಲ ನನ್ನೊಳಗೆ ಅವರ ಅಂಗೈ ಬೆವರುತ್ತಿತ್ತು.

ಅವಳು ಎರಡನೇ ತರಗತಿಗೆ ಬಂದ ವರ್ಷ ಚಳಿ ಶುರುವಾಗುವ ಹೊತ್ತಿಗೆ ನನ್ನ ದನಿ ಒಡೆಯಿತು. ಅಕ್ಕೋರ ದನಿಗಿಂತ ಮೊದಲು ನನ್ನದೇ ಹೋಯಿತು. ಸಣ್ಣ ದನಿ ತೆಗೆಯಲು ಹೋದರೆ ಗೊರಗೊರ ಎನ್ನುತ್ತಿತ್ತು. "ಗಿಣಿಗೆ ನೆಗಡಿ ಆಗೈತಿ," ಎಂದು ಮಕ್ಕಳು ಕುಣಿದರು. ದಾನಮ್ಮ ಮರುದಿನ ಶುಂಠಿ ಬೆಲ್ಲದ ಉಂಡೆ ತಂದು ನನ್ನ ಬಾಯಲ್ಲಿ ತುರುಕಿದಳು. ಎಲ್ಲರೂ ಆಟಕ್ಕೆ ಹೋದ ಮೇಲೆ ಅಕ್ಕೋರು ಅದನ್ನು ತೆಗೆದು ತಾವೇ ತಿಂದರು. ನುಂಗಲು ಬಹಳ ಹೊತ್ತು ಹಿಡಿಯಿತು.

ಸುಣ್ಣದ ಕಡ್ಡಿಯ ಧೂಳು, ದಿನವಿಡೀ ಕೂಗುವುದು, ಎಂದುಕೊಂಡು ಅವರು ಬಹಳ ದಿನ ತಳ್ಳಿದರು. ಕೊನೆಗೆ ಮೌನೇಶ ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ತಿರುಗಿ ಬಂದ ಸಂಜೆ ಇಬ್ಬರೂ ಕಟ್ಟೆಯ ಮೇಲೆ ಕುಳಿತಿದ್ದರು. ನಾನು ಅಕ್ಕೋರ ಕೈಚೀಲದಲ್ಲಿದ್ದೆ.

"ಗಂಟಲಾಗಿನ ಗಡ್ಡಿ ಕೂಡ ದನಿಪೆಟ್ಟಿಗಿನೂ ತೆಗೀಬೇಕಂತ," ಎಂದರು ಮೌನೇಶ. ಅದು ಅಕ್ಕೋರಿಗೂ ಗೊತ್ತಿತ್ತು. ಆದರೂ ಯಾರಾದರೂ ಒಬ್ಬರು ಬಾಯಿಬಿಟ್ಟು ಹೇಳಬೇಕಾಗಿತ್ತು. "ಜೀವ ಉಳೀತೈತಿ, ಕಾಶಿ. ದನಿ ಹೋಕ್ಕೈತಿ."

"ಸಾಲಿ?"

ಅಕ್ಕೋರು ಚೀಲದೊಳಗೆ ಕೈ ಹಾಕಿ ನನ್ನನ್ನು ಹಿಡಿದುಕೊಂಡರು.

ಆಸ್ಪತ್ರೆಗೆ ಹೋಗುವ ಮುಂಚಿನ ದಿನ ಅವರು ನನ್ನನ್ನು ಕೈಯಿಂದ ಇಳಿಸಲೇ ಇಲ್ಲ. ಒಡಕು ದನಿಯಲ್ಲೇ ನಾನು ಎಣಿಸಿದೆ, ತಪ್ಪಿದೆ, ಅಕ್ಷರ ನುಂಗಿದೆ. ಶಾಲೆ ಬಿಡುವಾಗ ಮಕ್ಕಳಿಗೆ ಹೇಳಿದೆ, "ನಾ ಊರಿಗ ಹೊಂಟೀನಿ." ಎಲ್ಲರೂ ಟಾಟಾ ಮಾಡಿ ಓಡಿದರು. ದಾನಮ್ಮ ಉಳಿದಳು. ಕಿವಿಯಲ್ಲಿ ಕೇಳಿದಳು, "ಯಾವಾಗ ಬರ್ತಿ?"

"ಲಗೂನ ಬರ್ತೀನಿ. ಬಂದ ಮ್ಯಾಲ ಭಾಳ ಮಾತಾಡೂಣು."

ಹಾಗೆ ಹೇಳಬಾರದಿತ್ತು. ಆದರೆ ಆ ಹೊತ್ತಿನಲ್ಲಿ ಅಕ್ಕೋರಿಗೆ ಬೇರೇನೂ ಹೊಳೆಯಲಿಲ್ಲ.

ಬೇಸಿಗೆ ರಜೆಗೆ ಮುಂಚೆ ಅವರು ತಿರುಗಿ ಬಂದರು. ಕೆಲಸಕ್ಕಲ್ಲ, ಮಕ್ಕಳನ್ನು ನೋಡಲು. ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿತ್ತು. ಮೈ ಅರ್ಧ ಇಳಿದಿತ್ತು. ಹೆಡ್‌ಮಾಸ್ತರು ಕಂದಗಲ್ ಸರ್ ಬಾಗಿಲಲ್ಲೇ ತಡೆದು ಕೇಳಿದರು, "ಹುಡುಗರಿಗೆ ನಾ ಮೊದಲ ತಿಳಿಸಿ ಹೇಳ್ಲೇನ್ರಿ?" ಅಕ್ಕೋರು ಕೈಯಾಡಿಸಿ ಬೇಡವೆಂದರು. ನನ್ನನ್ನು ತೊಟ್ಟುಕೊಂಡೇ ಒಳಗೆ ನಡೆದರು.

ಮಕ್ಕಳು ಮುತ್ತಿಕೊಂಡರು. ದಾನಮ್ಮ ಸಂದಿಯಲ್ಲಿ ನುಗ್ಗಿ ಬಂದು ನನ್ನ ಕಿವಿಗೆ ಬಾಯಿ ಹಚ್ಚಿದಳು. ಅವ್ವ ಹೊಸ ಸೀರೆ ಮಗ್ಗಕ್ಕೇರಿಸಿದ್ದು, ಮನೆಯ ಆಡು ಮರಿ ಹಾಕಿದ್ದು, ತನಗೆ ಕಾಗುಣಿತ ಪೂರ್ತಿ ಬಂದದ್ದು, ಒಂದೇ ಉಸಿರಿನಲ್ಲಿ ಹೇಳಿದಳು. ಹೇಳಿ ಮುಗಿಸಿ ನನ್ನ ಮುಖ ನೋಡಿದಳು.

ನಾನು ಬಾಯಿ ತೆರೆದೆ. ಟಕ್. ಮತ್ತೆ ತೆರೆದೆ. ಟಕ್. ಅಷ್ಟೇ.

ಅವಳು ಕಾದಳು. ನಗು ನಿಧಾನಕ್ಕೆ ಇಳಿಯಿತು. "ಸಿಟ್ಟಾಗಿಯೇನ?" ಎಂದು ಕಿವಿಯಲ್ಲಿ ಕೇಳಿದಳು. "ನಾ ಏನ್ ಮಾಡೀನಿ?" ನಾನು ಇಲ್ಲವೆಂದು ತಲೆಯಾಡಿಸಿದೆ. ಅದು ಅವಳಿಗೆ ಸಾಲಲಿಲ್ಲ. ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಕುಳಿತಳು.

ಅಕ್ಕೋರು ಒಂದು ಪಾಟಿ ಎತ್ತಿಕೊಂಡು ಅವಳ ಹತ್ತಿರ ನೆಲದ ಮೇಲೆ ಕುಳಿತರು. ಬರೆಯಲು ಹೋಗಿ ಕೈ ನಿಂತಿತು. ಹುಡುಗಿಗೆ ಬಂದಿರುವುದು ಕಾಗುಣಿತ ಮಾತ್ರ. ಒತ್ತಕ್ಷರ ಇನ್ನೂ ಕಲಿಸಿರಲಿಲ್ಲ. 'ನಿನ್ನ' ಎಂದು ಬರೆಯಲು ಒತ್ತು ಬೇಕು. 'ಸಿಟ್ಟು' ಎನ್ನಲು ಒತ್ತು ಬೇಕು. 'ಇಲ್ಲ' ಎನ್ನುವುದಕ್ಕೂ ಒತ್ತು ಬೇಕು. ನಿನ್ನ ಮೇಲೆ ಸಿಟ್ಟಿಲ್ಲ ಎಂಬ ಇಷ್ಟು ಸಣ್ಣ ಮಾತನ್ನು ಆ ಮಗುವಿಗೆ ತಿಳಿಯುವ ಹಾಗೆ ಬರೆಯಲು ಅವರಿಗೆ ದಾರಿ ಇರಲಿಲ್ಲ. ಎರಡು ಸಲ ಬರೆದು ಅಂಗೈಯಿಂದ ಅಳಿಸಿದರು. ಆಮೇಲೆ ಒಂದೊಂದೇ ಅಕ್ಷರ ದುಂಡಗೆ ಬರೆದು ಪಾಟಿಯನ್ನು ಅವಳ ತೊಡೆಯ ಮೇಲಿಟ್ಟರು.

ದಾನಮ್ಮ ಬೆರಳಿಟ್ಟು ಓದಿದಳು. ಓದುವಾಗ ಮಕ್ಕಳಿಗೆ ದನಿ ತಾನಾಗಿ ಬರುತ್ತದೆ. "ಗಿ... ಳಿ... ಗೆ. ಗಿಳಿಗೆ. ನೀ... ನು. ನೀನು. ಬೇ... ಕು." ಮತ್ತೊಮ್ಮೆ ಕೂಡಿಸಿ ಓದಿದಳು. "ಗಿಳಿಗೆ ನೀನು ಬೇಕು."

ಆಮೇಲೆ ತಲೆ ಎತ್ತಿದಳು. ನನ್ನ ಕಡೆಗಲ್ಲ, ಅಕ್ಕೋರ ಮುಖದ ಕಡೆ. ಎಲ್ಲರಿಗೂ ಕೇಳುವ ಹಾಗೆ ಕೇಳಿದಳು, "ಅಕ್ಕೋರ, ಮತ್ತ ಯಾಕ ಮಾತಾಡವಲ್ದು?"

ಎರಡು ವರ್ಷ ಅಕ್ಕೋರು ಕಾದದ್ದು ಈ ಒಂದು ಮಾತಿಗಾಗಿ. ನನ್ನೊಳಗೆ ಬೆರಳುಗಳು ಮುಷ್ಟಿಯಾದವು. ಅವರ ತುಟಿ ಆಡಿತು, ಕುತ್ತಿಗೆಯ ಬಟ್ಟೆ ಉಬ್ಬಿ ಇಳಿಯಿತು, ಒಂದು ಸಪ್ಪಳವೂ ಹೊರಡಲಿಲ್ಲ. ಕಣ್ಣೀರು ಮಾತ್ರ ಪಾಟಿಯ ಮೇಲೆ ಬಿತ್ತು.

ಅವರು ದಾನಮ್ಮನ ಅಂಗೈ ಹಿಡಿದು ಕುತ್ತಿಗೆಯ ಬಟ್ಟೆಯ ಹತ್ತಿರ ಇಟ್ಟುಕೊಂಡರು.

"ಇಲ್ಲಿಂದ ಉಸರ ಬರಾಕತ್ತೈತಿ," ಎಂದಳು ಹುಡುಗಿ.

ಅಕ್ಕೋರು ಹೌದೆಂದು ತಲೆಯಾಡಿಸಿದರು.

"ಮಾತು?"

ಇಲ್ಲ ಎಂದು ತಲೆಯಾಡಿಸಿದರು.

"ಗಿಣಿದೂ?"

ಅದಕ್ಕೂ ಹಾಗೇ ತಲೆಯಾಡಿಸಿದರು. ದಾನಮ್ಮ ಕೈ ತೆಗೆಯಲಿಲ್ಲ. "ನೋವಾಗತೈತೇನ್ರಿ?" ಎಂದು ಕೇಳಿದಳು. ಆಗುವುದಿಲ್ಲ ಎಂಬಂತೆ ಅಕ್ಕೋರು ನಕ್ಕರು. ಅದು ಸುಳ್ಳು. ಬೆರಳುಗಳಿಂದ ನನಗೆ ತಿಳಿಯುತ್ತಿತ್ತು.

ಆ ಬೇಸಿಗೆಯಲ್ಲಿ ದಾನಮ್ಮ ಅಕ್ಕೋರ ಮನೆಗೇ ಬರತೊಡಗಿದಳು. ಎಷ್ಟು ವರ್ಷದ್ದೋ ಒಟ್ಟಾಗಿತ್ತೆಂಬಂತೆ ಮಾತಾಡುತ್ತಿದ್ದಳು. ಎಲ್ಲವನ್ನೂ ಅಕ್ಕೋರಿಗೇ ಕೇಳುತ್ತಿದ್ದಳು. ಆಡು ಯಾಕ ಎಲಿ ತಿಂತೈತಿ, ನೂರಾದ ಮ್ಯಾಲ ಏನು, ನೀವು ಸಣ್ಣಾಕಿ ಇದ್ದಾಗ ಗಿಣಿ ಇತ್ತೇನು. ಅಕ್ಕೋರು ಒತ್ತಿಲ್ಲದ ಮಾತು ಹುಡುಕಿ ಹುಡುಕಿ ಪಾಟಿಯಲ್ಲಿ ಬರೆಯುತ್ತಿದ್ದರು. ಅರ್ಧ ಉತ್ತರ ಬರೆಯುವಷ್ಟರಲ್ಲಿ ಅವಳ ಮುಂದಿನ ಪ್ರಶ್ನೆ ಬಂದಿರುತ್ತಿತ್ತು. ಒಮ್ಮೊಮ್ಮೆ ಅಕ್ಕೋರು ಬಳಪ ಕೆಳಗಿಟ್ಟು ಸುಮ್ಮನೆ ಅವಳ ದನಿ ಕೇಳುತ್ತ ಕೂರುತ್ತಿದ್ದರು.

ಶಾಲೆ ಶುರುವಾಯಿತು. ಅಕ್ಕೋರು ಹೋಗಲಿಲ್ಲ. ಬೇನೆ ಪುಪ್ಪುಸಕ್ಕೆ ಇಳಿದಿತ್ತು. ಹಾಸಿಗೆಯಲ್ಲೂ ನನ್ನನ್ನು ತೊಟ್ಟಿರುತ್ತಿದ್ದರು. ಮೌನೇಶ ಗಂಜಿ ತಂದರೆ ನನ್ನ ಕೊಕ್ಕಿನಿಂದ ಅವರ ಅಂಗಿ ಹಿಡಿದು ಎಳೆದು ಪಕ್ಕಕ್ಕೆ ಕೂರಿಸಿಕೊಳ್ಳುತ್ತಿದ್ದರು. ಬರಬರುತ್ತ ಎಳೆಯುವ ಬಲ ತಗ್ಗಿತು. ಶ್ರಾವಣದ ಒಂದು ಬೆಳಿಗ್ಗೆ ಬೆರಳು ತಣ್ಣಗಾದವು. ಮೌನೇಶ ಬಹಳ ಹೊತ್ತಿನ ನಂತರ ಆ ಕೈಯನ್ನು ನನ್ನೊಳಗಿಂದ ಮೆಲ್ಲಗೆ ಬಿಡಿಸಿದರು. ನಾನು ಹಾಸಿಗೆಯ ಮೇಲೆ ಬಟ್ಟೆಯಾಗಿ ಬಿದ್ದೆ.

ಮಣ್ಣು ಮಾಡಿ ಬಂದ ಮೇಲೆ ಶಾಂತವ್ವ ಮಗಳನ್ನು ಕರೆದುಕೊಂಡು ಬಂದಳು. ಮೌನೇಶ ನನ್ನನ್ನು ದಾನಮ್ಮನ ಕೈಗಿಟ್ಟರು. "ಇಟಗೊ ತಂಗಿ. ನಮ್ಮನ್ಯಾಗ ಇದನ್ನ ಹಾಕ್ಕೊಳ್ಳಾವ್ರು ಯಾರೂ ಇಲ್ಲ."

ಅವಳ ಮನೆಯಲ್ಲಿ ಮಗ್ಗದ ಸದ್ದು ನಿಲ್ಲುವುದೇ ಇಲ್ಲ. ಬಂದ ಹೊಸದರಲ್ಲಿ ಅವಳು ನನ್ನನ್ನು ಒಮ್ಮೆ ತೊಟ್ಟಳು. ಅವಳ ಬೆರಳು ನನ್ನ ಕುತ್ತಿಗೆಯ ತನಕವೂ ಬರಲಿಲ್ಲ. ತಲೆ ಜೋತುಬಿತ್ತು. ಮೂಗಿನಲ್ಲಿ ದನಿ ತೆಗೆದು "ನಂಗ ಏನೂ ಬರೂದಿಲ್ಲ" ಎಂದಳು. ಅದು ಅವಳದೇ ದನಿಯಾಗಿ ಕೇಳಿತು. ಮತ್ತೊಮ್ಮೆ ಹೇಳಿ ನೋಡಿದಳು. ಆಮೇಲೆ ನನ್ನನ್ನು ತೆಗೆದು ಬಟ್ಟೆಯ ಟ್ರಂಕಿನಲ್ಲಿಟ್ಟಳು. ಮತ್ತೆಂದೂ ತೊಡಲಿಲ್ಲ.

ವರ್ಷಗಳಾದವು. ನನ್ನ ಹಸಿರು ಮಾಸಿದೆ. ಒಂದು ಕಣ್ಣು ಉದುರಿದೆ. ದಾನಮ್ಮ ಈಗ ಹೈಸ್ಕೂಲು. ಬಾಯಿ ತುಂಬ ಮಾತು, ತಾಯಿ ಸಾಕುಮಾಡೇ ಎನ್ನುವಷ್ಟು. ಮೊನ್ನೆ ಸೀರೆ ಹುಡುಕಲು ಟ್ರಂಕು ತೆರೆದಾಗ ಅವಳ ತಂಗಿ ಚೆನ್ನವ್ವ ನನ್ನನ್ನು ಎತ್ತಿದಳು.

"ಇದು ನಿಮ್ಮ ಅಕ್ಕೋರದಲ್ಲಾ? ಅವ್ರ ದನಿ ಹೆಂಗಿತ್ತ ಅಕ್ಕಾ?"

ದಾನಮ್ಮ ಸೀರೆ ಮಡಿಚುವುದನ್ನು ನಿಲ್ಲಿಸಿದಳು. "ಗಿಣಿ ದನಿ ನೆನಪೈತಿ," ಎಂದಳು. "ಅವ್ರದು ನೆನಪಾಗವಲ್ದು. ಅವ್ರು ಮಾತಾಡೂ ಮುಂದ ನಾ ಗಿಣಿ ಮಾರಿನ ನೋಡ್ತಿದ್ದೆ."

ದಾನಮ್ಮ ನನ್ನನ್ನು ಇಸಿದುಕೊಂಡು ಜೋತುಬಿದ್ದ ಕತ್ತನ್ನು ಬಹಳ ಹೊತ್ತು ನೆಟ್ಟಗೆ ಹಿಡಿದಿದ್ದಳು. ಆಕಾರ ಕೆಡದಿರಲೆಂದು ನನ್ನೊಳಗೆ ಒಂದು ಹಿಡಿ ಹತ್ತಿ ತುಂಬಿದಳು, ಸೀರೆಗಳ ನಡುವೆ ಮಲಗಿಸಿ ಮುಚ್ಚಳ ಹಾಕಿದಳು.

ಹತ್ತಿ ಮೆತ್ತಗಿದೆ. ನನ್ನ ಕತ್ತು ಈಗ ಬೀಳುವುದಿಲ್ಲ. ಆದರೆ ಹತ್ತಿಗೆ ಬೆರಳಿಲ್ಲ.